ಮಂಡಿ ಆಪರೇಷನ್ ಆಗಿದೆ, ಇನ್ನು ಕೋಚ್ ಆಗ್ಬಿಡ್ಲಾ ಸರ್?

ಪ್ರಶ್ನೆ ಮಂಡ್ಯದಿಂದ ಬಂದಿದೆ, ಸ್ವಲ್ಪ ಚಿಕ್ಕದು ಮಾಡಿ ಹಾಕಿದೀನಿ: "ಸರ್, ನಂಗೆ 29 ವರ್ಷ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿ ಡಿಪಾರ್ಟ್‌ಮೆಂಟ್ ಬ್ಯಾಸ್ಕೆಟ್‌ಬಾಲ್ ಟೀಮಲ್ಲಿ ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸೋ ಜಾಗ) ಆಡ್ತಿದ್ದೆ. ಎಡಗಾಲಿನ ಎಸಿಎಲ್ (ಮಂಡಿಯೊಳಗಿನ ಲಿಗಮೆಂಟು) ಹರಿದು ಸರ್ಜರಿ ಆಗಿದೆ, ವಾಪಸ್ ಆಡ್ತೀನೋ ಇಲ್ವೋ ಗೊತ್ತಿಲ್ಲ. ನಾನು ಓದಿದ ಸ್ಕೂಲಿನವ್ರು ಸಂಜೆ ಹೊತ್ತು ಮಕ್ಕಳಿಗೆ ಹೇಳ್ಕೊಡು ಬಾ ಅಂತಿದಾರೆ. ಅಮೆರಿಕದ ಎನ್‌ಬಿಎ ಲೀಗಲ್ಲಿ ಆಡಿದವ್ರೆಲ್ಲಾ ನೆಟ್ಟಗೆ ಕೋಚ್ ಆಗ್ತಾರಲ್ಲ, ನಂಗೂ ಆಟ ಗೊತ್ತಿದೆ, ಇನ್ನೇನ್ ಬೇಕು? ಕೆಲಸ ಬಿಟ್ಟು ಪಟಿಯಾಲದ ಎನ್‌ಐಎಸ್ ಕೋಚಿಂಗ್ ಡಿಪ್ಲೊಮಾಗೆ ಹೋಗ್ಲಾ, ಇಲ್ಲಾ ಮೊದ್ಲು ಕೋಚಿಂಗ್ ಶುರು ಹಚ್ಕೊಳ್ಲಾ?"

ನೇರವಾಗೇ ಹೇಳ್ಬಿಡ್ತೀನಮ್ಮ. ಸ್ಕೂಲಿನವ್ರಿಗೆ ಹೂಂ ಅನ್ನಿ, ಕೆಲಸ ಮಾತ್ರ ಯಾವ್ ಕಾರಣಕ್ಕೂ ಬಿಡ್ಬೇಡಿ, ಡಿಪ್ಲೊಮಾ ವಿಷ್ಯ ಒಂದು ವರ್ಷ ಆದ್ಮೇಲೆ ನೋಡೋಣ. ಇಷ್ಟಕ್ಕೇ ಮುಗಿಸ್ಬೋದಿತ್ತು, ಆದ್ರೆ "ನಂಗೆ ಆಟ ಗೊತ್ತಿದೆ, ಇನ್ನೇನ್ ಬೇಕು" ಅಂದಿದೀರಲ್ಲ, ನನ್ನ ತಕರಾರು ಇರೋದು ಅಲ್ಲಿ. ಮೈಸೂರು ಮಂಡ್ಯ ಕಡೆ ಕೋರ್ಟ್‌ಗಳಲ್ಲಿ ನಾನು ನೋಡಿರೋ ಎಷ್ಟೋ ಜನ ಕೋಚ್‌ಗಳು ಇದೇ ಮಾತು ಹೇಳ್ಕೊಂಡು ಬಂದವ್ರು, ಬಂದು ಹತ್ತು ವರ್ಷ ಆದ್ರೂ ತಾವು ಹೆಂಗ್ ಆಡ್ತಿದ್ವಿ ಅಂತಲೇ ಮಕ್ಕಳಿಗೆ ಹೇಳ್ತಾ ಇರ್ತಾರೆ, ಎದುರಿಗಿರೋ ಮಕ್ಕಳು ಹೆಂಗ್ ಆಡ್ತಿದಾರೆ ಅಂತ ನೋಡೋಕೆ ಪುರುಸೊತ್ತೇ ಇರಲ್ಲ ಅವ್ರಿಗೆ.

ಎನ್‌ಬಿಎ ಆಡಿದವ್ರು ನೆಟ್ಟಗೆ ಕೋಚ್ ಆಗ್ತಾರೆ ಅನ್ನೋದು ಅರ್ಧ ನಿಜ. ಜೇಸನ್ ಕಿಡ್ 2013ರ ಜೂನ್‌ನಲ್ಲಿ ರಿಟೈರ್ ಆದ್ರು, ಅದೇ ತಿಂಗಳು ಬ್ರೂಕ್ಲಿನ್ ನೆಟ್ಸ್‌ಗೆ ಹೆಡ್ ಕೋಚ್ ಆದ್ರು. ಇಂಥವು ಪೇಪರಲ್ಲಿ ದೊಡ್ಡದಾಗಿ ಬರುತ್ತೆ, ಅದಕ್ಕೇ ನಮಗೆ ನೆನಪಿರುತ್ತೆ. ಉಳಿದವ್ರ ಕತೆ ಬಿಡಿಸಿ ನೋಡಿದ್ರೆ ಮಧ್ಯದಲ್ಲಿ ಯಾರ ಕಣ್ಣಿಗೂ ಬೀಳದ ಒಂದಷ್ಟು ವರ್ಷ ಇರುತ್ತೆ. ಫಿಲ್ ಜಾಕ್ಸನ್ ಕೋಚ್ ಆಗಿ 11 ಎನ್‌ಬಿಎ ಟೈಟಲ್ ಗೆದ್ದವ್ರು, ಅದಕ್ಕೂ ಮುಂಚೆ ಆಲ್ಬನಿ ಪೇಟ್ರೂನ್ಸ್ ಅಂತ ಕೆಳಗಿನ ಲೀಗಿನ ಒಂದು ಟೀಮ್ ಇಟ್ಕೊಂಡು, ಬಿಡುವಿದ್ದಾಗ ಪೋರ್ಟೊರಿಕೊಗೆ ಹೋಗಿ ಅಲ್ಲೂ ಕೋಚಿಂಗ್ ಮಾಡ್ಕೊಂಡು ಕಾಲ ಹಾಕಿದವ್ರು. ಮಯಾಮಿ ಹೀಟ್‌ನ ಎರಿಕ್ ಸ್ಪೋಲ್‌ಸ್ಟ್ರಾ ಎನ್‌ಬಿಎಲಿ ಆಡೇ ಇಲ್ಲ, ಜರ್ಮನಿಯಲ್ಲಿ ಸ್ವಲ್ಪ ದಿನ ಆಡಿ 1995ರಲ್ಲಿ ಹೀಟ್‌ನ ವಿಡಿಯೋ ರೂಮಲ್ಲಿ ಕ್ಯಾಸೆಟ್ ಎಡಿಟ್ ಮಾಡೋ ಕೆಲಸಕ್ಕೆ ಸೇರಿದ್ರು, ಹೆಡ್ ಕೋಚ್ ಆಗಿದ್ದು 2008ರಲ್ಲಿ. ಹದಿಮೂರು ವರ್ಷ ಆಯ್ತಲ್ವಾ.

ಆದ್ರೆ ನಿಮ್ಗೆ ನಾನು ಹೇಳ್ಬೇಕು ಅನ್ಕೊಂಡಿರೋ ಕತೆ ಬೆಕಿ ಹ್ಯಾಮನ್ ಅವ್ರದ್ದು. ಐದಡಿ ಆರಿಂಚು ಎತ್ತರ, ನಿಮ್ಮಂಗೇ ಗಾರ್ಡ್, 1999ರಲ್ಲಿ ಡಬ್ಲ್ಯುಎನ್‌ಬಿಎ (ಹೆಂಗಸರ ಎನ್‌ಬಿಎ) ಡ್ರಾಫ್ಟ್‌ನಲ್ಲಿ, ಅಂದ್ರೆ ಟೀಮ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋವಾಗ, ಒಬ್ರೂ ಅವ್ರನ್ನ ತಗೊಳ್ಲಿಲ್ಲ. ಡ್ರಾಫ್ಟ್ ಇಲ್ದೇನೇ ನ್ಯೂಯಾರ್ಕ್ ಟೀಮಿಗೆ ಸೇರಿ ಆಲ್‌ಸ್ಟಾರ್ ಆದ್ರು, ಆಮೇಲೆ ಸ್ಯಾನ್ ಆಂಟೋನಿಯೋಗೆ ಹೋದ್ರು. 2013ರ ಜುಲೈಲಿ ಎಸಿಎಲ್ ಹರೀತು, ಹೌದು, ನಿಮ್ಗಾಗಿರೋದೇ. ಆ ರಿಹ್ಯಾಬ್ ಟೈಮಲ್ಲಿ ಅದೇ ಊರಿನ ಎನ್‌ಬಿಎ ಟೀಮ್ ಸ್ಪರ್ಸ್‌ನ ಕೋಚ್ ಗ್ರೆಗ್ ಪೊಪೊವಿಚ್ ಹತ್ರ ಪ್ರಾಕ್ಟೀಸ್ ನೋಡೋಕೆ, ಕೋಚ್‌ಗಳ ಮೀಟಿಂಗಲ್ಲಿ ಕೂರೋಕೆ ಅವಕಾಶ ಸಿಕ್ತು. ಒಂದು ಸೀಸನ್ ಪೂರ್ತಿ ಕೂತು ನೋಡಿದ್ರು, ಕೇಳಿದ್ರು, ಮಾತಾಡಿದ್ರು. 2014ರಲ್ಲಿ ವಾಪಸ್ ಬಂದು ಕೊನೇ ಸೀಸನ್ ಆಡಿದ್ರು, ಅದೇ ಆಗಸ್ಟ್‌ನಲ್ಲಿ ಸ್ಪರ್ಸ್ ಅವ್ರನ್ನ ಸಂಬಳ ಕೊಟ್ಟು ಅಸಿಸ್ಟೆಂಟ್ ಕೋಚ್ ಮಾಡ್ಕೊಂಡ್ರು. ಗಂಡಸ್ರ ಟೀಮಿಗೆ, ಎನ್‌ಬಿಎಲಿ. 2022ರಲ್ಲಿ ಡಬ್ಲ್ಯುಎನ್‌ಬಿಎ ಟೀಮ್ ಲಾಸ್ ವೇಗಸ್ ಏಸಸ್‌ಗೆ ಹೆಡ್ ಕೋಚ್ ಆಗಿ ಹೋದ ಮೊದಲನೇ ವರ್ಷವೇ ಟೈಟಲ್, 2023ರಲ್ಲಿ ಇನ್ನೊಂದು. ಇಲ್ಲಿ ನೋಡ್ಬೇಕಾಗಿರೋದು ಏನಂದ್ರೆ, ಗಾಯ ಆದ್ಮೇಲೂ ಅವ್ರು ಆಟ ಬಿಟ್ಟು ಕೋಚ್ ಆಗ್ಲಿಲ್ಲ, ಗಾಯದ ಆ ತಿಂಗಳುಗಳಲ್ಲಿ ಕೋಚಿಂಗ್ ಕಲಿತು, ವಾಪಸ್ ಬಂದು ಆಡಿ, ಆಮೇಲೆ ಬಿಟ್ರು. ನಿಮ್ಗೂ ಈಗಲೇ ಎರಡ್ರಲ್ಲಿ ಒಂದು ಆರಿಸ್ಕೊಳ್ಳಿ ಅಂತ ಯಾರೂ ಹೇಳಿಲ್ಲ.

(ನಮ್ಮ ಭಾರತ ಟೀಮಿನ ಗೀತು ಅನ್ನ ಜೋಸ್ 2011ರಲ್ಲಿ ಡಬ್ಲ್ಯುಎನ್‌ಬಿಎ ಟ್ರೈಔಟ್‌ಗೆ ಹೋಗಿದ್ರಲ್ಲ, ಅದ್ರಲ್ಲಿ ಹ್ಯಾಮನ್ ಆಡ್ತಿದ್ದ ಇದೇ ಸ್ಯಾನ್ ಆಂಟೋನಿಯೋ ಟೀಮೂ ಒಂದು. ಸೆಲೆಕ್ಟ್ ಆಗ್ಲಿಲ್ಲ ಅನ್ನೋದು ಬೇರೆ ಮಾತು, ಸದರ್ನ್ ರೈಲ್ವೆ ಹುಡುಗಿ ಅಲ್ಲಿವರೆಗೂ ಹೋಗಿದ್ದೇ ನಮ್ಗೆ ಆಗ ದೊಡ್ಡ ಸುದ್ದಿ.)

ಇನ್ನು ಸ್ಟೀವ್ ಕೆರ್. ಇವ್ರ ಬಗ್ಗೆ ಜಾಸ್ತಿ ಹೇಳ್ತೀನಿ ಯಾಕಂದ್ರೆ ನನ್ನ ಪ್ರಕಾರ ಆಟಗಾರ ಕೋಚ್ ಆಗೋದು ಅಂದ್ರೇನು ಅಂತ ಇವ್ರಷ್ಟು ಚೆನ್ನಾಗಿ ತೋರಿಸಿದವ್ರು ಕಮ್ಮಿ. ಕಾಲೇಜಲ್ಲಿದ್ದಾಗಲೇ, 1986ರ ವರ್ಲ್ಡ್ ಚಾಂಪಿಯನ್‌ಶಿಪ್ ಆಡ್ವಾಗ ಮಂಡಿ ಹೋಗಿ ಒಂದು ಸೀಸನ್ ಪೂರ್ತಿ ಹೊರಗೆ ಕೂತಿದ್ರು. 1988ರ ಡ್ರಾಫ್ಟ್‌ನಲ್ಲಿ 50ನೇ ನಂಬರ್. ಹದಿನೈದು ಸೀಸನ್‌ನಲ್ಲಿ 910 ಮ್ಯಾಚ್, ಅದ್ರಲ್ಲಿ ಸ್ಟಾರ್ಟಿಂಗ್ ಫೈವ್‌ನಲ್ಲಿ (ಮ್ಯಾಚ್ ಶುರುವಲ್ಲೇ ಇಳಿಯೋ ಐವರಲ್ಲಿ) ಇದ್ದಿದ್ದು ಬರೀ 30 ಮ್ಯಾಚಲ್ಲಿ. ಮ್ಯಾಚಿಗೆ ಸರಾಸರಿ ಆರು ಪಾಯಿಂಟ್. ಆದ್ರೆ ತ್ರೀ ಪಾಯಿಂಟರ್ (ದೂರದಿಂದ ಹೊಡೆಯೋ ಮೂರು ಪಾಯಿಂಟ್ ಶಾಟ್) 45.4 ಪರ್ಸೆಂಟ್, ಎನ್‌ಬಿಎ ಇತಿಹಾಸದಲ್ಲೇ ಅದು ಎಲ್ಲಕ್ಕಿಂತ ಮೇಲಿನದು, ಜೊತೆಗೆ ಐದು ಚಾಂಪಿಯನ್‌ಶಿಪ್. 1997ರ ಫೈನಲ್ಸ್ ಆರನೇ ಮ್ಯಾಚಲ್ಲಿ ಎಲ್ಲಾ ಜೋರ್ಡನ್ ಮೇಲೆ ಮುಗಿಬಿದ್ದಾಗ ಪಾಸ್ ಬಂದಿದ್ದು ಇವ್ರಿಗೆ, ಹೊಡೆದ್ರು, ಬುಲ್ಸ್ ಗೆಲ್ತು. ಈ ಮನುಷ್ಯ ವರ್ಷಗಟ್ಲೆ ಮಾಡಿದ್ದೇನು ಅಂದ್ರೆ ಬೆಂಚ್ ಮೇಲೆ ಕೂತು ಫಿಲ್ ಜಾಕ್ಸನ್‌ನ ನೋಡಿದ್ದು, ಆಮೇಲೆ ಸ್ಪರ್ಸ್‌ನಲ್ಲಿ ಪೊಪೊವಿಚ್‌ನ ನೋಡಿದ್ದು. 2003ರಲ್ಲಿ ಬಿಟ್ಮೇಲೂ ಕೋಚ್ ಆಗ್ಲಿಲ್ಲ, ಟಿವಿಲಿ ಕಾಮೆಂಟ್ರಿ ಮಾಡಿದ್ರು, 2007ರಿಂದ 2010ರವರೆಗೆ ಫೀನಿಕ್ಸ್ ಸನ್ಸ್‌ಗೆ ಜನರಲ್ ಮ್ಯಾನೇಜರ್ ಆಗಿದ್ರು, ಮತ್ತೆ ಕಾಮೆಂಟ್ರಿ, ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಹೆಡ್ ಕೋಚ್ ಆಗಿದ್ದು 2014ರಲ್ಲಿ. ಮೊದಲನೇ ಸೀಸನ್ 67 ಗೆಲುವು 15 ಸೋಲು, ನಲವತ್ತು ವರ್ಷ ಆದ್ಮೇಲೆ ಆ ಟೀಮಿಗೆ ಟೈಟಲ್.

ಆ 2015ರ ಫೈನಲ್ಸ್‌ನಲ್ಲಿ ಒಂದು ವಿಷ್ಯ ಆಯ್ತು. ಕ್ಲೀವ್‌ಲ್ಯಾಂಡ್ 2-1 ಮುಂದಿತ್ತು. ಕೆರ್ ಸ್ಟಾಫ್‌ನಲ್ಲಿ ನಿಕ್ ಯುರೆನ್ ಅಂತ ಒಬ್ಬ ಹುಡುಗ, ವಯಸ್ಸು 28, ಹಿಂದಿನ ವರ್ಷದ ಫೈನಲ್ಸ್ ವಿಡಿಯೋ ನೋಡ್ತಾ ಕೂತವ್ನು ಸೆಂಟರ್ (ರಿಂಗ್ ಹತ್ರ ಆಡೋ ಎತ್ತರದವ್ರು) ಬೋಗಟ್‌ನ ಕೂರ್ಸಿ ಇಗ್ವಾಡಾಲನ್ನ ಸ್ಟಾರ್ಟ್ ಮಾಡಿಸೋಣ, ಟೀಮ್ ಗಿಡ್ಡ ಆದ್ರೂ ಸ್ಪೀಡ್ ಆಗುತ್ತೆ ಅಂದ. ಕೆರ್ ಒಪ್ಕೊಂಡ್ರು. ಅಲ್ಲಿಂದ ಮೂರಕ್ಕೆ ಮೂರೂ ಗೆದ್ರು, ಇಗ್ವಾಡಾಲ ಫೈನಲ್ಸ್ ಎಂವಿಪಿ (ಬೆಸ್ಟ್ ಪ್ಲೇಯರ್) ಆದ್ರು, ಕೆರ್ ಈ ಐಡಿಯಾ ಆ ಹುಡುಗಂದು ಅಂತ ಎಲ್ಲರ ಮುಂದೆ ಹೇಳಿದ್ರು. ನಮ್ಮ ಕಡೆ ಅಸಿಸ್ಟೆಂಟ್ ಬಾಯಿ ಬಿಟ್ರೆ "ನೀನ್ ಎಷ್ಟು ನ್ಯಾಷನಲ್ಸ್ ಆಡಿದೀಯಪ್ಪಾ" ಅಂತಾರೆ. 2018ರ ಫೆಬ್ರವರಿಲಿ ಕೆರ್ ಇನ್ನೊಂದು ಮಾಡಿದ್ರು, ಹುಡುಗರು ನನ್ನ ಮಾತು ಕೇಳಿ ಕೇಳಿ ಸುಸ್ತಾಗಿದಾರೆ ಅನ್ಸಿ ಫೀನಿಕ್ಸ್ ಮೇಲಿನ ಮ್ಯಾಚಲ್ಲಿ ಟೈಮೌಟಲ್ಲಿ ಕೋಚ್ ಪ್ಲಾನ್ ಬರೆಯೋ ಬೋರ್ಡನ್ನೇ ಆಟಗಾರರ ಕೈಗೆ ಕೊಟ್ಬಿಟ್ರು, 46 ಪಾಯಿಂಟಲ್ಲಿ ಗೆದ್ರು. ಎದುರಾಳಿ ಆ ವರ್ಷ ವೀಕ್ ಇತ್ತು, ಅದೂ ನಿಜ ಅನ್ನಿ.

ಹಂಗಂತ ಸ್ಟಾರ್‌ಗಳು ಕೋಚ್ ಆಗಕ್ಕೇ ಆಗಲ್ಲ ಅಂತ ನಾನು ಹೇಳ್ತಿಲ್ಲ. ಮ್ಯಾಜಿಕ್ ಜಾನ್ಸನ್ 1994ರಲ್ಲಿ ಲೇಕರ್ಸ್‌ಗೆ 16 ಮ್ಯಾಚ್ ಕೋಚ್ ಆಗಿ 5 ಗೆದ್ದು 11 ಸೋತು ಬೇಡಪ್ಪಾ ಅಂತ ಬಿಟ್ರು. ಅವ್ರ ಜೋಡಿ ಎದುರಾಳಿ ಲ್ಯಾರಿ ಬರ್ಡ್ ಒಂದು ದಿನದ ಕೋಚಿಂಗ್ ಅನುಭವ ಇಲ್ದೇ 1997ರಲ್ಲಿ ಇಂಡಿಯಾನಾ ಪೇಸರ್ಸ್‌ಗೆ ಬಂದು, ಮೊದಲನೇ ವರ್ಷವೇ ಕೋಚ್ ಆಫ್ ದಿ ಇಯರ್, 2000ದಲ್ಲಿ ಟೀಮನ್ನ ಫೈನಲ್ಸ್‌ಗೆ ತಗೊಂಡೋದ್ರು. ಇಬ್ರೂ ಆಟದಲ್ಲಿ ಸರಿಸಮ, ಬುದ್ಧಿಯಲ್ಲೂ ಸರಿಸಮ. ನಂಗೆ ಕಂಡ ವ್ಯತ್ಯಾಸ ಏನಂದ್ರೆ ಬರ್ಡ್ ತನಗೆ ಗೊತ್ತಿಲ್ದಿರೋದನ್ನ ಬೇರೆಯವ್ರಿಗೆ ಬಿಟ್ರು, ಡಿಫೆನ್ಸ್ ಡಿಕ್ ಹಾರ್ಟರ್ ನೋಡ್ಕೊಂಡ್ರು, ಅಫೆನ್ಸ್ ರಿಕ್ ಕಾರ್ಲೈಲ್ ನೋಡ್ಕೊಂಡ್ರು, ಮೂರು ವರ್ಷ ಅಂತ ಬಂದವ್ರು ಮೂರೇ ವರ್ಷಕ್ಕೆ ಎದ್ದು ಹೋದ್ರು.

ಈಗ ನಿಮ್ಮ ವಿಷ್ಯಕ್ಕೆ ಬರೋಣ. ಪಿಕ್ ಅಂಡ್ ರೋಲ್ ಆಡ್ವಾಗ ನೀವು ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಂತಿರೋ ನಮ್ಮವ್ರು) ಬಳಸ್ಕೊಂಡು ಬರ್ತಿದ್ದಂಗೇ ಡಿಫೆಂಡರ್ ಭುಜ ಯಾವ್ ಕಡೆ ತಿರುಗಿದೆ, ಅವ್ರ ಸೆಂಟರ್ ಮೇಲೆ ಬಂದಿದಾಳಾ ಹಿಂದೆ ನಿಂತಿದಾಳಾ, ಮೂಲೆಲಿರೋ ನಮ್ಮ ಶೂಟರ್ ಫ್ರೀ ಇದಾಳಾ ಇದೆಲ್ಲಾ ಅರೆಗಳಿಗೆಯಲ್ಲಿ ನೋಡಿ ಪಾಸ್ ಕೊಟ್ಬಿಡ್ತೀರ. ಹೆಂಗ್ ಗೊತ್ತಾಯ್ತು ಅಂತ ಏಳನೇ ಕ್ಲಾಸ್ ಹುಡುಗಿ ಕೇಳಿದ್ರೆ? "ಗೊತ್ತಾಗುತ್ತೆ ಪುಟ್ಟಾ, ಆಡ್ತಾ ಆಡ್ತಾ ಬರುತ್ತೆ" ಅಂತೀರ. ನಿಮ್ಮವ್ವನ್ನ ಹಿಟ್ಟಿಗೆ ಎಸರು ಎಷ್ಟಿಡ್ಬೇಕು ಅಂತ ಕೇಳಿ ನೋಡಿ, ಕಣ್ಣಂದಾಜು ಕಣವ್ವ ಅಂತಾರೆ, ಅವ್ರ ಮುದ್ದೆಲಿ ಒಂದು ಗಂಟೂ ಇರಲ್ಲ, ಆದ್ರೆ ಆ ಉತ್ತರ ಕೇಳ್ಕೊಂಡು ನೀವ್ ತೊಳಸಿದ್ರೆ ಏನಾಗುತ್ತೆ ಅಂತ ನಿಮ್ಗೇ ಗೊತ್ತು. ಕೈಗೆ ಬಂದಿರೋದನ್ನ ಬಿಡಿಸಿ ಬಿಡಿಸಿ ಮಾತಿಗೆ ತರೋದು ಬೇರೆಯದೇ ಕೆಲಸ. ಬೆಂಚ್ ಮೇಲೆ ಕೂತವ್ರಿಗೆ ಅದು ಬೇಗ ಬರುತ್ತೆ ಯಾಕಂದ್ರೆ ಅವ್ರಿಗೆ ಬೇರೆ ಕೆಲಸ ಇರಲ್ಲ, ನೋಡೋದೊಂದೇ. ನೀವು ಇಷ್ಟು ವರ್ಷ ಸ್ಟಾರ್ಟಿಂಗ್ ಫೈವ್‌ನಲ್ಲಿ ಇದ್ದೋರು ಅಂತ ಪ್ರಶ್ನೆಲೇ ಗೊತ್ತಾಗ್ತಿದೆ, ಕೂತು ನೋಡೋ ಕಾಲ ಈಗ ಬಂದಿದೆ, ಎಂಟೊಂಬತ್ತು ತಿಂಗಳಾದ್ರೂ ಇರುತ್ತೆ, ಅದನ್ನ ಬೇಜಾರಲ್ಲಿ ಮೊಬೈಲ್ ನೋಡ್ಕೊಂಡು ಕಳೀಬೇಡಿ.

ಏನ್ ಮಾಡ್ಬೇಕು ಅಂದ್ರೆ, ನಿಮ್ಮ ಡಿಪಾರ್ಟ್‌ಮೆಂಟ್ ಟೀಮ್ ಪ್ರಾಕ್ಟೀಸಿಗೆ ಕ್ರಚಸ್ ಬಿಟ್ಟ ದಿನದಿಂದಲೇ ಹೋಗಿ ಕೂರಿ. ಮೊಬೈಲನ್ನ ಸ್ಟ್ಯಾಂಡಿಗೆ ಹಾಕಿ ಎತ್ತರದಲ್ಲಿಟ್ಟು ಒಂದು ಕ್ವಾರ್ಟರ್ ರೆಕಾರ್ಡ್ ಮಾಡಿ, ಹತ್ತು ನಿಮಿಷದ ಆಟ, ಅಷ್ಟು ಸಾಕು. ಮನೇಲಿ ಅದನ್ನ ನೋಡ್ವಾಗ ಬಾಲ್ ನೋಡ್ಬೇಡಿ. ಮೊದಲನೇ ಸಲ ಬಾಲ್ ಇಲ್ಲದ ಕಡೆ ನಿಂತಿರೋ ಇಬ್ರು ಡಿಫೆಂಡರ್‌ಗಳ ಕಾಲು ನೋಡಿ, ಹೆಲ್ಪ್‌ಗೆ ಯಾರು ಒಂದು ಹೆಜ್ಜೆ ಮುಂಚೆ ಬಂದ್ರು, ಯಾರು ಬಾಲ್ ನೋಡ್ತಾ ಮೈಮರೆತ್ರು. ಎರಡನೇ ಸಲ ಶಾಟ್ ಹೋದ ತಕ್ಷಣ ಯಾರ್ಯಾರು ಬಾಕ್ಸ್ ಔಟ್ ಮಾಡಿದ್ರು (ಎದುರಾಳಿಗೆ ಬೆನ್ನು ಕೊಟ್ಟು ರಿಂಗ್ ಹತ್ರ ಬಿಡದೆ ತಡೆದ್ರು) ಅಷ್ಟೇ ನೋಡಿ. ಆಮೇಲೆ ನಿಮ್ಮ ಕೋಚ್ ಟೈಮೌಟಲ್ಲಿ ಏನ್ ಹೇಳಿದ್ರು, ಅದಾದ ಮೇಲೆ ಬಾಲ್ ಸಿಕ್ಕ ಮೂರು ಸರದಿಯಲ್ಲಿ ಅದು ನಡೀತಾ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೀರಿ. ಫಿಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ರೂಲ್‌ನಲ್ಲಿ ಫಸ್ಟ್ ಹಾಫ್‌ಗೆ ಎರಡು ಟೈಮೌಟ್, ಸೆಕೆಂಡ್ ಹಾಫ್‌ಗೆ ಮೂರು, ಒಂದೊಂದೂ ಒಂದೇ ನಿಮಿಷ. ಆ ನಿಮಿಷದಲ್ಲಿ ಮಕ್ಕಳು ನೀರು ಕುಡೀಬೇಕು, ಏದುಸಿರು ಬಿಡ್ಬೇಕು, ಉಳಿಯೋದು ಮೂವತ್ತು ನಲವತ್ತು ಸೆಕೆಂಡು, ಅಷ್ಟರಲ್ಲಿ ಐದು ವಿಷ್ಯ ಹೇಳಿದ್ರೆ ಒಂದೂ ತಲೆಗೆ ಹೋಗಲ್ಲ. ಒಂದೇ ಹೇಳ್ಬೇಕು. ಆ ಒಂದು ಯಾವ್ದು ಅಂತ ಆರಿಸೋಕೆ ಬಂದ್ರೆ ಅರ್ಧ ಕೋಚ್ ಆದ್ರಿ ಅಂತ ನನ್ನ ಲೆಕ್ಕ.

ಸ್ಕೂಲ್ ಮಕ್ಕಳ ವಿಷ್ಯ. ಕಾಲೇಜ್ ಟೀಮ್ ಕೊಡ್ತೀವಿ ಅಂದ್ರೂ ಮೊದಲನೇ ವರ್ಷ ತಗೋಬೇಡಿ, ಆರನೇ ಏಳನೇ ಕ್ಲಾಸ್ ಮಕ್ಕಳನ್ನೇ ಕೇಳಿ ತಗೊಳ್ಳಿ. ದೊಡ್ಡವ್ರು ನಿಮ್ಮ ತಪ್ಪನ್ನ ತಮ್ಮ ಆಟದಲ್ಲಿ ಮುಚ್ಚಿಬಿಡ್ತಾರೆ, ಚಿಕ್ಕವ್ರಲ್ಲಿ ನೀವ್ ಹೇಳಿಕೊಟ್ಟಿದ್ದು ಸರಿ ಇಲ್ಲ ಅಂದ್ರೆ ನಾಳೆನೇ ಕಾಣುತ್ತೆ. ಬಾಲ್ ಸೈಜ್ 5 ತರಿಸಿ, ದೊಡ್ಡವ್ರ 7 ಕೊಡ್ಬೇಡಿ. ಮಿನಿ ಬ್ಯಾಸ್ಕೆಟ್‌ಬಾಲ್‌ಗೆ ರಿಂಗ್ ಎತ್ತರ 2.60 ಮೀಟರ್ ಇರ್ಬೇಕು, ನಮ್ಮ ಸ್ಕೂಲ್‌ಗಳಲ್ಲಿ ಕಬ್ಬಿಣದ ಕಂಬಕ್ಕೆ ವೆಲ್ಡ್ ಮಾಡಿರೋ 3.05 ಮೀಟರ್‌ದೇ ಇರುತ್ತೆ, ಅದಕ್ಕೆ ಮಗು ಸೊಂಟದಿಂದ ಎತ್ತಿ ಎಸೆಯೋದು ಕಲಿಯುತ್ತೆ, ಆ ಅಭ್ಯಾಸ ಪಿಯುಸಿಗೆ ಬಂದ್ರೂ ಬಿಡಲ್ಲ. ಕೆಳಗೆ ಇಳಿಸೋಕೆ ಆಗಲ್ಲ ಅಂದ್ರೆ ಗೋಡೆ ಮೇಲೆ ಸುಣ್ಣದಲ್ಲಿ ಒಂದು ಗುರುತು ಹಾಕಿ, ಹತ್ತಿರದಿಂದ ಅದಕ್ಕೇ ಶೂಟ್ ಮಾಡಿಸಿ.

ಲೈನ್ ನಿಲ್ಲಿಸೋ ಚಾಳಿ ಒಂದಿದೆ ನಮ್ಮಲ್ಲಿ, ದಯವಿಟ್ಟು ಅದನ್ನ ಮಾಡ್ಬೇಡಿ. ಮೂವತ್ತು ಮಕ್ಕಳು, ಒಂದು ರಿಂಗ್, ಲೇಅಪ್‌ಗೆ (ಓಡಿ ಬಂದು ರಿಂಗ್ ಹತ್ರದಿಂದ ಹಾಕೋ ಶಾಟ್) ಕ್ಯೂ. ಒಬ್ಬೊಬ್ರಿಗೆ ಹತ್ತು ಸೆಕೆಂಡ್ ಅಂದ್ರೂ ಒಂದು ಮಗುಗೆ ಐದು ನಿಮಿಷಕ್ಕೊಂದು ಲೇಅಪ್, ಅರ್ಧ ಗಂಟೆಲಿ ಆರು. ಮಿಕ್ಕಿದ್ದೆಲ್ಲಾ ಸೊಳ್ಳೆ ಹೊಡ್ಕೊಂಡು ನಿಂತಿರೋದೇ. ಮೂರು ಮೂರು ಜನರ ಟೀಮ್ ಮಾಡಿ ಎರಡೂ ರಿಂಗಲ್ಲಿ ಆಡ್ಸಿ, ಉಳಿದವ್ರಿಗೆ ಸೈಡಲ್ಲಿ ಡ್ರಿಬಲ್, ಪಿವಟ್ (ಒಂದು ಕಾಲು ಊರಿ ತಿರುಗೋದು), ಗೋಡೆ ಶೂಟಿಂಗ್, ಎಂಟೆಂಟು ನಿಮಿಷಕ್ಕೆ ಬದಲಾಯಿಸಿ. ಎಡಗೈ ಲೇಅಪ್, ಎರಡೂ ಕಾಲಲ್ಲಿ ಪಿವಟ್, ಓಡ್ತಾ ಬಂದು ಬೀಳದಂಗೆ ನಿಲ್ಲೋದು, ಮೊದಲನೇ ವರ್ಷ ಇಷ್ಟು ಬಂದ್ರೆ ಸಾಕು, ಝೋನ್ ಡಿಫೆನ್ಸ್ (ಆಟಗಾರರನ್ನ ಬಿಟ್ಟು ಜಾಗ ಕಾಯೋದು) ಮಾತೇ ಬೇಡ. ಝೋನ್ ಹಾಕಿದ್ರೆ ಅಂಡರ್ 14 ಜಿಲ್ಲಾ ಮಟ್ಟದಲ್ಲಿ ಕಪ್ ಬರುತ್ತೆ, ಹೆಡ್‌ಮೇಷ್ಟ್ರಿಗೂ ಖುಷಿ, ಒಬ್ಬರನ್ನ ಹಿಡಿದು ಡಿಫೆಂಡ್ ಮಾಡೋದು ಮಾತ್ರ ಆ ಮಕ್ಕಳಿಗೆ ಬರೋದೇ ಇಲ್ಲ. ಈ ವಿಷ್ಯದಲ್ಲಿ ಪಿಇ ಟೀಚರ್ ಜೊತೆ ಜಗಳ ಆಗ್ಬೋದು, ಮೊದ್ಲೇ ಮಾತಾಡ್ಕೊಳ್ಳಿ, ಮೊದಲನೇ ವರ್ಷ ಕಪ್ ಕೇಳ್ಬೇಡಿ ಅಂತ.

ಇನ್ನೊಂದು, ಹೆಣ್ಣುಮಕ್ಕಳು. ಒಂಬತ್ತನೇ ಕ್ಲಾಸ್ ಆಗ್ತಿದ್ದಂಗೇ ಎಸ್ಸೆಸ್ಸೆಲ್ಸಿ ಟ್ಯೂಷನ್ ಅಂತ ಬಿಡಿಸ್ತಾರೆ, ಕತ್ಲಾಗುತ್ತೆ ಅಂತ ಬಿಡಿಸ್ತಾರೆ, ಶಾರ್ಟ್ಸ್ ಹಾಕ್ಬೇಕಲ್ಲ ಅಂತ ಬಿಡಿಸ್ತಾರೆ. ನಾನು ಗಂಡಸು, ಈ ಮಾತು ನಾನು ತಂದೆತಾಯಿ ಹತ್ರ ಆಡೋದಕ್ಕೂ ನೀವ್ ಆಡೋದಕ್ಕೂ ಅಜಗಜಾಂತರ. ಮಂಡ್ಯದ ಹುಡುಗಿ, ಬಾಲ್ ಹಿಡ್ಕೊಂಡೇ ಕೆಲಸ ತಗೊಂಡಿದಾಳೆ, ತಿಂಗ್ಳಾದ್ರೆ ಸಂಬಳ ಬರುತ್ತೆ ಅಂತ ಕಣ್ಣೆದುರಿಗೆ ನೀವ್ ನಿಂತಿರ್ತೀರಲ್ಲ, ಅದಕ್ಕಿಂತ ಬೇರೆ ಭಾಷಣ ಬೇಕಾಗಿಲ್ಲ. 2017ರಲ್ಲಿ ಬೆಂಗಳೂರು ಕಂಠೀರವ ಇಂಡೋರ್‌ನಲ್ಲಿ ನಮ್ಮ ಮಹಿಳಾ ಟೀಮ್ ಏಷ್ಯಾ ಕಪ್ ಡಿವಿಷನ್ ಬಿ ಫೈನಲ್‌ನಲ್ಲಿ ಕಜಕಿಸ್ತಾನದ ಮೇಲೆ 75-73ರಲ್ಲಿ ಗೆದ್ದಿತ್ತು. ಆ ವಿಡಿಯೋ ಸಿಕ್ರೆ ಪೇರೆಂಟ್ಸ್ ಮೀಟಿಂಗಲ್ಲಿ ಕೊನೇ ಎರಡು ನಿಮಿಷ ಹಾಕಿ ತೋರ್ಸಿ. ಪ್ರಾಕ್ಟೀಸ್ ಟೈಮ್ ಮಾತ್ರ ಸ್ಕೂಲ್ ಬಿಟ್ಟ ತಕ್ಷಣ ಇಟ್ಕೊಂಡು ಆರು ಗಂಟೆಗೆ ಬಿಟ್ಬಿಡಿ, ಹಳ್ಳಿ ಬಸ್ ತಪ್ಪಿದ್ರೆ ಮಾರನೇ ದಿನ ಆ ಮಗು ಬರಲ್ಲ.

ಕೆಲಸ ಯಾಕೆ ಬಿಡ್ಬಾರ್ದು ಅಂತ ಈಗ. ಅಮೆರಿಕದಲ್ಲಿ ಆಟಗಾರ ಅಂದ್ರೆ ಕಾಂಟ್ರಾಕ್ಟ್, ನಮ್ಮಲ್ಲಿ ಬ್ಯಾಸ್ಕೆಟ್‌ಬಾಲ್ ವೃತ್ತಿ ಅಂದ್ರೆ ಸ್ಪೋರ್ಟ್ಸ್ ಕೋಟಾ, ರೈಲ್ವೆ, ಬ್ಯಾಂಕು, ಪೊಲೀಸು, ಆರ್ಮಿ, ಓಎನ್‌ಜಿಸಿ ಅಷ್ಟೇ. ಯುಬಿಎ ಅಂತ ಪ್ರೊ ಲೀಗ್ 2015ರಲ್ಲಿ ಬಂತು, 2017ರ ಹೊತ್ತಿಗೆ ನಿಂತೋಯ್ತು. ಆಮೇಲೆ ಫೆಡರೇಷನ್‌ನವ್ರ ಐಎನ್‌ಬಿಎಲ್ ಶುರುವಾಗಿದೆ, ಅದನ್ನ ನಂಬ್ಕೊಂಡು ಕೈಲಿರೋ ಪೆನ್ಷನ್ ಕೆಲಸ ಬಿಡು ಅಂತ ನಾನಂತೂ ಹೇಳಲ್ಲ. ಪ್ರೈವೇಟ್ ಸ್ಕೂಲಲ್ಲಿ ಪಾರ್ಟ್‌ಟೈಮ್ ಕೋಚ್‌ಗೆ ಸಿಗೋ ದುಡ್ಡು ಪೆಟ್ರೋಲಿಗೆ, ಶೂಗೆ ಸರಿಹೋಗುತ್ತೆ. ನೀವು ಸರ್ಕಾರಿ ನೌಕರಿಲಿ ಇದ್ರೆ ದುಡ್ಡು ತಗೊಂಡು ಹೊರಗೆ ಹೇಳ್ಕೊಡೋಕೆ ಇಲಾಖೆ ಪರ್ಮಿಷನ್ ಬೇಕು, ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತಗೊಳ್ಳಿ, ನಾಳೆ ಯಾರೋ ಒಬ್ರು ಅರ್ಜಿ ಬರೀತಾರೆ. ಹಾಗೇ ನಿಮ್ಮ ಸ್ಪೋರ್ಟ್ಸ್ ಆಫೀಸರ್‌ನ ಒಂದು ಕೇಳಿ, ಟೀಮಿಗೆ ಅಸಿಸ್ಟೆಂಟ್ ಆಗಿ ನನ್ನ ಇಟ್ಕೊಳ್ತೀರಾ, ಮುಂದೆ ಕೋಚಿಂಗ್ ಕೋರ್ಸಿಗೆ ರಜೆ ಕೊಡ್ತೀರಾ ಅಂತ. ಕೇಳ್ದೇ ಇದ್ರೆ ಅವ್ರಾಗೇ ಕರೆದು ಕೊಡಲ್ಲ.

ಸರ್ಟಿಫಿಕೇಟ್ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ಪಟಿಯಾಲದ ಎನ್‌ಐಎಸ್ 1961ರಿಂದ ಇದೆ, ಅದ್ರ ಡಿಪ್ಲೊಮಾ ಇದ್ರೆ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ)ನಲ್ಲಿ, ನಮ್ಮ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಲಿ ಕೋಚ್ ಪೋಸ್ಟಿಗೆ ಅರ್ಜಿ ಹಾಕೋವಾಗ ತೂಕ ಬರುತ್ತೆ. ಸ್ಕೂಲಲ್ಲಿ ಪರ್ಮನೆಂಟ್ ಪಿಇ ಟೀಚರ್ ಆಗ್ಬೇಕು ಅಂದ್ರೆ ದಾರಿ ಬೇರೆ, ಬಿಪಿಎಡ್ (ದೈಹಿಕ ಶಿಕ್ಷಣದ ಡಿಗ್ರಿ) ಬೇಕು. ಪೂರ್ತಿ ಡಿಪ್ಲೊಮಾಗೆ ಮುಂಚೆ ಎನ್‌ಐಎಸ್‌ದೇ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ, ರಜೆ ಹೊಂದಿಸ್ಕೊಂಡು ಮಾಡ್ಬೋದು, ನಿಮ್ಗೆ ಮೊದ್ಲು ಅದು ಸರಿ. ಈಗಲೇ ಓದೋಕೆ ಏನಾದ್ರೂ ಬೇಕು ಅಂದ್ರೆ ಫಿಬಾದ ಕೋಚ್‌ಗಳ ಸಂಘ ಡಬ್ಲ್ಯುಎಬಿಸಿ ಅವ್ರ ಮ್ಯಾನ್ಯುಯಲ್ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಲೆವೆಲ್ 1 ಸಾಕು, ಇಂಗ್ಲಿಷ್ ಸುಲಭ ಇದೆ. ಒಂದು ವರ್ಷ ಮಕ್ಕಳ ಜೊತೆ ಒದ್ದಾಡಿ ಆಮೇಲೆ ಡಿಪ್ಲೊಮಾಗೆ ಹೋದ್ರೆ ಅಲ್ಲಿ ಕೇಳೋಕೆ ನಿಮ್ಮ ಹತ್ರ ಪ್ರಶ್ನೆ ಇರುತ್ತೆ, ಇಲ್ದಿದ್ರೆ ನೋಟ್ಸ್ ಬರ್ಕೊಂಡು ಪಾಸಾಗಿ ಬರ್ತೀರ.

ಕೊನೇದು ಮಂಡಿ. ಮಕ್ಕಳು "ಅಕ್ಕಾ ಒಂದ್ಸಲ ಮಾಡಿ ತೋರ್ಸಿ" ಅಂತ ದಿನಾ ಕೇಳ್ತಾರೆ, ನಿಮ್ಗೂ ಕೈಕಾಲು ತುರಿಸುತ್ತೆ, ತೋರಿಸ್ಬೇಡಿ. ಫಿಸಿಯೋ ಬರಹದಲ್ಲಿ ಓಕೆ ಕೊಡೋವರೆಗೂ ಸಿಮೆಂಟ್ ಕೋರ್ಟಲ್ಲಿ ಜಂಪ್, ಸಡನ್ ಕಟ್ ಎರಡೂ ಬೇಡ, ಅದ್ರಲ್ಲೂ ಮಳೆ ಬಿದ್ದ ಸಂಜೆ ಕೋರ್ಟ್ ಮೇಲೆ ಪಾಚಿ ಜಾರುತ್ತೆ. ಹುಡುಗೀರಲ್ಲಿ ಸ್ವಲ್ಪ ಚುರುಕಿರೋಳನ್ನ ಮುಂದೆ ನಿಲ್ಲಿಸಿ ಅವಳ ಕೈಲಿ ಮಾಡ್ಸಿ, ನೀವು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಿ. ಮೊದಲನೇ ವಾರ ಮಾತು ತಡವರಿಸುತ್ತೆ, ಪರವಾಗಿಲ್ಲ. ಒಂದು ತಿಂಗಳಾದ್ಮೇಲೆ ಮಕ್ಕಳ ಮೂರು ಮೂರು ಆಟದ ವಿಡಿಯೋ ಒಂದು ಹತ್ತು ನಿಮಿಷದ್ದು ಕಳ್ಸಿ, ಬಾಲ್ ಇಲ್ಲದ ಕಡೆ ಏನ್ ನಡೀತಿದೆ ಅಂತ ನೀವ್ ಬರ್ಕೊಂಡಿರೋದನ್ನೂ ಜೊತೆಗೆ ಹಾಕಿ, ನಾನೂ ನೋಡಿ ಬರೀತೀನಿ.